ನೆರಳು ಕೇಳಿದ ಪ್ರಶ್ನೆ

"ಕೀರಾ ಡ್ರಮಂಡ್ ಅಂಥ ಒಳ್ಳೆ ಹುಡುಗೀನ ನಾನು ಮೈದಾನದಲ್ಲಿ ನೋಡೇ ಇಲ್ಲ, ಲೋರ್ನಾ" ಎಂದಳು ಪ್ರೂ ಹ್ಯಾಲಮ್.

ಬಾಯಿಗೆ ಒಯ್ದಿದ್ದ ಸ್ಯಾಂಡ್‌ವಿಚ್ಚನ್ನು ನಾನು ಕೆಳಗಿಳಿಸಿದೆ. ಕೀರಾಳನ್ನು ಒಳ್ಳೆಯವಳು ಎಂದವರು ಈ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು.

ಪ್ರೂ ನಮ್ಮ ವಾರಿಲ್ ಊರಿನ ಪ್ರೈಮರಿ ಶಾಲೆಯ ಟೀಚರ್. ಶನಿವಾರಗಳಲ್ಲಿ ನಾಲ್ಕು ಕ್ವಾರ್ಟರ್‌ಗಳ, ಕೈ ಕಾಲು ಎರಡೂ ಬಳಸುವ ನಮ್ಮ ಕಡೆಯ ಫುಟ್‌ಬಾಲ್ ಅಂಪೈರ್. ಊಟದ ಬಿಡುವಿನಲ್ಲಿ ಅಗಲ ಅಂಚಿನ ಟೋಪಿ ಹಾಕಿಕೊಂಡು ಮಕ್ಕಳನ್ನು ಕಾಯುತ್ತಿದ್ದವಳನ್ನು ನಾನು ಬೇಲಿಯ ಹತ್ತಿರ ಹಿಡಿದು ನಿಲ್ಲಿಸಿದ್ದೆ.

ಶನಿವಾರ ಡನ್‌ಮೋರ್ ಊರಿನ ತಂಡದ ಎದುರು ನಡೆದ ಮಹಿಳೆಯರ ಫೈನಲ್‌ನಲ್ಲಿ ವಾರಿಲ್‌ನ ಕ್ಯಾಪ್ಟನ್ ಮೆರಿನ್ ಟಕ್‌ವೆಲ್ ಕೊನೆಯ ಕ್ವಾರ್ಟರ್‌ನಲ್ಲಿ, ಯಾರೂ ಮುಟ್ಟದಿದ್ದರೂ, ಕುಸಿದು ಬಿದ್ದಿದ್ದಳು. ರಾತ್ರಿ ಆಸ್ಪತ್ರೆಯಲ್ಲಿ ಸತ್ತಳು. ಅವಳ ಬಲಗಿವಿಯ ಹಿಂದೆ ಒಂದು ಪೆಟ್ಟಿದೆ, ಅದು ಆಟಕ್ಕಿಂತ ಹಳೆಯದು, ಅದು ಮಾಯುವ ಮೊದಲೇ ಮೈದಾನಕ್ಕಿಳಿದು ಗುದ್ದಾಡಿದ್ದರಿಂದ ಜೀವ ಹೋಯಿತು ಎಂದು ಡಾಕ್ಟರ್ ಹೇಳಿದ್ದು ನಾನು ಸಾರ್ಜೆಂಟ್ ಆಗಿರುವ ಪೊಲೀಸ್ ಸ್ಟೇಷನ್ನಿನ ಆಚೆ ಯಾರಿಗೂ ತಿಳಿಯದು.

ಅದಕ್ಕಿಂತ ಹಿಂದಿನ ವಾರದ ಪಂದ್ಯದ ವಿಡಿಯೊ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿತ್ತು. ಅದರಲ್ಲಿ ಅವಳ ತಲೆಗೆ ಯಾರ ಬೆರಳೂ ತಾಗಿರಲಿಲ್ಲ. ಎಂದರೆ ಪೆಟ್ಟು ಬಿದ್ದಿದ್ದು ಎರಡು ಪಂದ್ಯಗಳ ನಡುವೆ, ಮೈದಾನದ ಹೊರಗೆ. ಜಾರಿ ಬಿದ್ದು ಪೆಟ್ಟಾಗುವ ಜಾಗವೂ ಅಲ್ಲ ಅದು, ಯಾರೋ ಹೊಡೆದಿದ್ದರು.

"ಕೀರಾ ಒಳ್ಳೆಯವಳಾ? ಡನ್‌ಮೋರ್ ತಂಡದ ನೆರಳು ಕಣೆ ಅವಳು" ಎಂದೆ.

ನೆರಳು ಎಂದರೆ ನಮ್ಮ ಆಟದಲ್ಲಿ ಅತ್ಯಂತ ಹೊಲಸು ಕೆಲಸ. ಎದುರು ತಂಡದ ಅತಿ ಒಳ್ಳೆಯ ಆಟಗಾರ್ತಿಗೆ ಆಟ ಶುರುವಾಗುವ ಸೈರನ್ನಿನಿಂದ ಮುಗಿಯುವ ಸೈರನ್ನಿನವರೆಗೆ ಅಂಟಿಕೊಂಡಿರಬೇಕು. ಚೆಂಡು ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಸಿಗಬಾರದು. ಅಂಪೈರ್ ಅತ್ತ ತಿರುಗಿದಾಗ ಪಕ್ಕೆಗೆ ಮೊಣಕೈ, ಇತ್ತ ತಿರುಗಿದಾಗ ಕಿವಿಯಲ್ಲಿ ವಿಷ. ಗಂಡ ಬಿಟ್ಟದ್ದು, ಬಸಿರು ಇಳಿದದ್ದು, ಅಪ್ಪ ಕುಡಿದು ರಸ್ತೆಯಲ್ಲಿ ಬಿದ್ದದ್ದು, ಎಲ್ಲವನ್ನೂ ಮೊದಲೇ ತಿಳಿದುಕೊಂಡು ಬಂದು ಪಿಸುಗುಟ್ಟುತ್ತಾರೆ. ಕೀರಾ ಈ ಕೆಲಸದಲ್ಲಿ ಪಳಗಿದವಳು.

ಪ್ರೂ ಮಾತ್ರ ತಲೆ ಅಲ್ಲಾಡಿಸಿದಳು. ಶನಿವಾರ ಕೀರಾ ಒಂದೇ ಒಂದು ಕೆಟ್ಟ ಮಾತಾಡಲಿಲ್ಲವಂತೆ. ಮೆರಿನ್‌ಗೆ ಅಂಟಿಕೊಂಡೇ ಓಡುತ್ತಿದ್ದಳು, ಆದರೆ ಮೊದಲ ಕ್ವಾರ್ಟರ್‌ನಿಂದಲೇ ಆಟ ನಿಂತಾಗಲೆಲ್ಲ ಮೆಲ್ಲಗೆ ಕ್ಷೇಮ ವಿಚಾರಿಸುತ್ತಿದ್ದಳಂತೆ.

"ಏನಂತ?"

"ಅದೇ, ಟ್ರೇನರ್‌ಗಳು ಕೇಳ್ತಾರಲ್ಲ. ಇದು ಯಾವ ಮೈದಾನ, ಈಗ ಎಷ್ಟನೇ ಕ್ವಾರ್ಟರ್, ಕೊನೇ ಗೋಲು ಯಾರದು, ಹೋದ ವಾರ ಯಾರ ಎದುರು ಆಡಿದೆ, ಗೆದ್ರಾ ಸೋತ್ರಾ. ಮೆರಿನ್ನೂ ಟಕಟಕ ಉತ್ತರ ಹೇಳ್ತಿದ್ಲು. ಎಷ್ಟು ಚೆನ್ನಾಗಿತ್ತು ಗೊತ್ತಾ? ಫೈನಲ್‌ನಲ್ಲಿ, ಎದುರಾಳಿ ಮೇಲೆ ಅಷ್ಟು ಕಾಳಜಿ."

ನಾನು ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟೆ.

ಆ ಪ್ರಶ್ನೆಗಳು ಇಲ್ಲಿ ಎಲ್ಲರಿಗೂ ಬಾಯಿಪಾಠ. ತಲೆಗೆ ಏಟು ತಿಂದವಳ ಬಳಿಗೆ, ತಂಡದ ಗಾಯ ನೋವು ನೋಡಿಕೊಳ್ಳುವ ಟ್ರೇನರ್ ಓಡಿಹೋಗಿ ಮೊದಲು ಕೇಳುವುದೇ ಅವನ್ನು. ಒಂದಕ್ಕೆ ತಪ್ಪು ಹೇಳಿದರೂ ಹೊರಗೆ. ಆಮೇಲೆ ಮೂರು ವಾರ ಆಡುವಂತಿಲ್ಲ. ಅವನ್ನು ಏಟು ಬಿದ್ದವರಿಗೆ ಬಿಟ್ಟು ಬೇರೆಯವರಿಗೆ ಕೇಳುವ ರೂಢಿಯಿಲ್ಲ.

"ಪ್ರೂ, ಶನಿವಾರ ಮೊದಲ ಕ್ವಾರ್ಟರ್‌ನಲ್ಲಿ ಮೆರಿನ್ ತಲೆಗೆ ಏನಾದ್ರೂ ಬಿತ್ತಾ?"

"ಇಲ್ವಲ್ಲ. ಬಿದ್ದಿದ್ರೆ ನಾನೇ ಆಟ ನಿಲ್ಲಿಸ್ತಿದ್ದೆ."

"ಮತ್ತೆ ಕೀರಾ ಯಾಕೆ ಕೇಳಿದ್ಲು?"

ಟೋಪಿಯ ಕೆಳಗೆ ಪ್ರೂಳ ಮುಖ ಬಿಳಿಚಿಕೊಂಡಿತು. ಆಟ ಮುಗಿದ ಮೇಲೆ ಅಂಪೈರ್‌ಗಳು ಅತ್ಯುತ್ತಮ ಆಟಗಾರ್ತಿಗೆ ಹಾಕುವ ಓಟಿನಲ್ಲಿ, ನಡತೆ ಮೆಚ್ಚಿ, ಕೀರಾಳ ಹೆಸರನ್ನು ಬರೆದುಕೊಟ್ಟಿದ್ದಾಗಿ ಹೇಳಿದಳು. ಹೇಳಿ ಅಲ್ಲೇ ಮಕ್ಕಳ ಮುಂದೆ ಅಳಲು ಶುರುಮಾಡಿದಳು. ಸಮಾಧಾನ ಹೇಳುತ್ತಾ ನಿಲ್ಲುವಷ್ಟು ಹೊತ್ತು ನನ್ನ ಬಳಿ ಇರಲಿಲ್ಲ.

ಕಾರು ಹತ್ತುವಾಗಲೇ ಇನ್ಸ್‌ಪೆಕ್ಟರ್ ಸ್ಟೋಕ್ಸ್‌ರ ಫೋನ್ ಬಂತು. ನಗರದಿಂದ ಬಂದಿರುವ ಈ ಮನುಷ್ಯನಿಗೆ ನಮ್ಮೂರಿನ ಗಾಳಿ, ಕಾಫಿ, ನಾನು, ಯಾವುದೂ ಒಗ್ಗಿರಲಿಲ್ಲ. ಸಂಜೆಯೊಳಗೆ ನೋಲೀನ್ ಪೆಲ್ಲೊಳನ್ನು ಬಂಧಿಸುವುದಾಗಿ ಹೇಳಿದರು.

ನೋಲೀನ್ ವಾರಿಲ್ ತಂಡದ ಟ್ರೇನರ್. ಆಟಕ್ಕೆ ಮೊದಲು ಮೆರಿನ್ ಆಡಬಹುದು ಎಂದು ತಲೆಯಾಡಿಸಿದವಳು ಅವಳೇ. ಪೆಟ್ಟಾಗಿರುವುದು ಗೊತ್ತಿದ್ದೂ ಕಪ್ಪಿನ ಆಸೆಗೆ ಮುಚ್ಚಿಟ್ಟಳು ಎಂಬುದು ಇನ್ಸ್‌ಪೆಕ್ಟರರ ವಾದ. ಅದಕ್ಕೆ ಒಗ್ಗರಣೆಯಾಗಿ ಇನ್ನೊಂದು ಸೇರಿಸಿದರು. ಫೈನಲ್ ತಂಡದಿಂದ ನೋಲೀನ್‌ಳ ಮಗಳನ್ನು ಮೆರಿನ್ ಕೈಬಿಟ್ಟಿದ್ದಳು. ಅದೇ ವಾರ ಕ್ಲಬ್ಬಿನ ಅಡುಗೆಮನೆಯಲ್ಲಿ ಇಬ್ಬರಿಗೂ ಜಗಳವಾಗಿತ್ತು. ಮನಸ್ಸು ಮುರಿದಿದ್ದವಳು ಸರಿಯಾಗಿ ಪರೀಕ್ಷೆ ಮಾಡಿರುತ್ತಾಳೆಯೇ ಎಂದು ಕೇಳಿದರು.

ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ತಾಯಿ ಸತ್ತ ವರ್ಷ ನನಗೆ ದಿನಾ ಊಟ ಹಾಕಿದವಳು ನೋಲೀನ್. ಆ ವಿಷಯ ಇನ್ಸ್‌ಪೆಕ್ಟರರಿಗೂ ಗೊತ್ತಿತ್ತು. ಅದಕ್ಕೇ ನನ್ನ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆಡಲು ಬಿಟ್ಟವಳು ಅವಳೇ ಎಂಬಷ್ಟಕ್ಕೇ ಊರಂತೂ ಆಗಲೇ ತೀರ್ಪು ಕೊಟ್ಟಾಗಿತ್ತು. ಬೇಕರಿಯಲ್ಲಿ ನೋಲೀನ್‌ಗೆ ಬ್ರೆಡ್ ಕೊಡಲಿಲ್ಲ. ಅವಳ ಮೂರು ಕೋಳಿಗಳ ಕತ್ತು ತಿರುವಿ, ಆಟಗಾರರ ಕಾಲಿಗೆ ಸುತ್ತುವ ಬಿಳಿ ಪಟ್ಟಿಯಿಂದ ಬಿಗಿದು, ಯಾರೋ ಬಾಗಿಲ ಹಿಡಿಗೆ ತೂಗುಹಾಕಿ ಹೋಗಿದ್ದರು. ಬೆಳಿಗ್ಗೆ ನಾನು ಹೋದಾಗ ಅವಳು ಅವನ್ನು ಬಿಚ್ಚುತ್ತಿದ್ದಳು. ಪಟ್ಟಿ ಸುತ್ತಿದ ರೀತಿ ಚೆನ್ನಾಗಿದೆ, ಕಲಿಸಿಕೊಟ್ಟಿದ್ದು ತಾನೇ ಇರಬೇಕು ಎಂದು ಹೇಳಿದಳಷ್ಟೆ.

ನನ್ನ ಅನುಮಾನ ಬೇರೆ ಕಡೆ ಇತ್ತು. ಮೆರಿನ್‌ಳ ಗಂಡ ರೋರಿ. ಫೈನಲ್‌ಗೆ ಮೊದಲಿನ ವಾರವೆಲ್ಲ ಅವನು ಮನೆಯಲ್ಲಿ ಮಲಗದೆ ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಮಲಗಿದ್ದ. ಆ ವಾರದ ಗುರುವಾರ ರಾತ್ರಿ ಊಟಕ್ಕೆ ಮೆರಿನ್ ದೀಪದ ಬೆಳಕಲ್ಲೂ ಕಪ್ಪು ಕನ್ನಡಕ ತೆಗೆಯಲಿಲ್ಲ, ಕೇಳಿದರೆ ಹೊಸದು ಅಂದಳು ಎಂದು ಮರುದಿನ ಊರವರ ಮುಂದೆ ನಗುತ್ತಾ ಹೇಳಿದ್ದ. ತಲೆಗೆ ಪೆಟ್ಟು ಬಿದ್ದವರಿಗೆ ಬೆಳಕು ತಡೆಯಲಾಗದು ಎನ್ನುವುದು ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ತನಗೇನೂ ತಿಳಿಯದು ಎಂದು ಆಣೆ ಮಾಡಿ, ರೇಡಿಯೊದಲ್ಲಿ ಕೂತು ನೋಲೀನ್‌ಳನ್ನು ಜೈಲಿಗೆ ಹಾಕಿ ಎಂದು ಕೂಗುತ್ತಿದ್ದ.

ಮೆರಿನ್‌ಳ ಪೆಟ್ಟಿನ ಗುಟ್ಟು ಕೀರಾಗೆ ಗೊತ್ತಿತ್ತು. ಹೇಳಿದ್ದು ರೋರಿ ಎಂದಾದರೆ ಅವನ ಆಣೆ ಸುಳ್ಳು, ನೋಲೀನ್ ಬದುಕಿಕೊಳ್ಳುತ್ತಿದ್ದಳು. ಆ ಒಂದು ಹೆಸರಿಗಾಗಿ ನಾನು ಡನ್‌ಮೋರ್‌ಗೆ ಕಾರು ಓಡಿಸಿದೆ.

ಡನ್‌ಮೋರ್‌ನ ಪಬ್ಬಿನಲ್ಲಿ ಗೆದ್ದ ತಂಡ ಕೂತಿತ್ತು. ಫೈನಲ್ ಮುಗಿದ ಸೋಮವಾರ ಚಿತ್ರವಿಚಿತ್ರ ವೇಷ ಹಾಕಿಕೊಂಡು ಬಿದ್ದುಹೋಗುವಷ್ಟು ಕುಡಿಯುವುದು ಇಲ್ಲಿಯ ವಾಡಿಕೆ. ಸತ್ತವಳ ಮರ್ಯಾದೆಗೆಂದು ಅದನ್ನು ಇವತ್ತಿಗೆ, ಗುರುವಾರಕ್ಕೆ ತಳ್ಳಿದ್ದರು, ವೇಷ ಬೇಡ ಎಂದೂ ತೀರ್ಮಾನಿಸಿದ್ದರು. ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಮೆಲ್ಲಗೆ ಕುಡಿಯುತ್ತಿದ್ದರು. ಮೆರಿನ್ ಬಿದ್ದ ಮೇಲೆ ಆಂಬುಲೆನ್ಸ್ ಹೋಗುವವರೆಗೆ ಕಾದು, ಉಳಿದ ಆಟ ಮುಗಿಸಿ ಗೆದ್ದುಕೊಂಡ ಕಪ್ಪಿನ ಮೇಲೆ ಯಾರೋ ಟವೆಲ್ ಮುಚ್ಚಿದ್ದರು.

ಕೀರಾ ಎಲ್ಲಿ ಎಂದು ಕೇಳಿದೆ. ಪಬ್ಬಿನ ಯಜಮಾನ ನಗು ನುಂಗಿಕೊಂಡು ಹಿಂದಿನ ಬಾಗಿಲು ತೋರಿಸಿದ.

"ಹೋಗು. ಅಲ್ಲೊಂದು ಎಮು ಹಕ್ಕಿ ಕೂತಿದೆ, ಅದೇ."

ಹಿಂದಿನ ಜಗುಲಿಯಲ್ಲಿ ಗೋಣಿಚೀಲಕ್ಕೆ ಧೂಳು ಹೊಡೆಯುವ ಪೊರಕೆಯ ಗರಿಗಳನ್ನು ಹೊಲಿದುಕೊಂಡು ಕೀರಾ ಡ್ರಮಂಡ್ ಕೂತಿದ್ದಳು. ಉದ್ದ ಕತ್ತಿನ ಕಾಗದದ ತಲೆ ಪಕ್ಕದ ಬೆಂಚಿನ ಮೇಲಿತ್ತು. ಇಪ್ಪತ್ತೆರಡರ ಹುಡುಗಿ. ಅಪ್ಪನ ಜೊತೆ ಹಸು ಹಾಲು ಕರೆಯುವ ಕೈಗಳು, ಒರಟಾಗಿ ಕೆಂಪಾಗಿದ್ದವು.

"ವೇಷ ಬೇಡ ಅಂತ ಗ್ರೂಪಲ್ಲಿ ಹಾಕಿದ್ರಂತೆ" ಎಂದಳು ನಾನು ಕೇಳುವ ಮೊದಲೇ. "ನನ್ನನ್ನ ಗ್ರೂಪಿಂದಾನೇ ತೆಗೆದಿದ್ರು. ಅದನ್ನ ಯಾರೂ ಹೇಳ್ಲಿಲ್ಲ."

"ಯಾಕೆ ತೆಗೆದ್ರು?"

"ಅವಳ ಪಕ್ಕದಲ್ಲಿ ಇದ್ದೋಳು ನಾನೇ ಅಲ್ವಾ. ಎಲ್ಲಾ ಫೋಟೋದಲ್ಲೂ ನಾನೇ ಇದೀನಿ. ಕಪ್ ಬೇಕಂತೆ, ನಾನು ಬೇಡ್ವಂತೆ."

ಮನೆಗೆ ಹೋದರೆ ಸೋತಂತಾಗುತ್ತದೆ ಎಂದು ಮಧ್ಯಾಹ್ನದಿಂದ ಅಲ್ಲೇ ಕೂತಿದ್ದಳು. ಒಳಗಿನವರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು ನೋಡಿ, ಹಿಂದೆ ಸರಿದು ಕಿಸಕ್ಕನೆ ನಗುತ್ತಿದ್ದರು. ನನಗೆ ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಪಾಪ ಅನ್ನಲು ನಾನು ಅಷ್ಟು ದೂರ ಬಂದಿರಲಿಲ್ಲ.

ಕುರ್ಚಿ ಎಳೆದುಕೊಂಡು ಅವಳ ಎದುರೇ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತೆ.

"ಇದು ಯಾವ ಊರು ಕೀರಾ?"

"ಅಂದ್ರೆ?"

"ಫೈನಲ್‌ನಲ್ಲಿ ಕೊನೇ ಗೋಲು ಯಾರದು? ಅದರ ಹಿಂದಿನ ವಾರ ಯಾರ ಎದುರು ಆಡಿದೆ? ಗೆದ್ರಾ, ಸೋತ್ರಾ?"

ಕೀರಾ ಎರಡು ಗರಿ ಕಿತ್ತು ಕೈಯಲ್ಲಿ ಮುರಿದಳು.

"ಸಾಕು ನಿಲ್ಸಿ."

"ನೀನು ನಿಲ್ಲಿಸ್ಲಿಲ್ವಲ್ಲ. ಆಟ ಪೂರ್ತಿ ಅವಳ ಕಿವೀಲಿ ಇದನ್ನೇ ಊದಿದೀಯ. ನಿನ್ನ ತಲೆಗೆ ಏಟಾಗಿದೆ, ನಂಗೊತ್ತು, ಹೇಳ್ಬಿಡ್ತೀನಿ ಅಂತ ಹೆದರಿಸ್ತಿದ್ದೆ. ಮೆರಿನ್‌ಗೆ ಪೆಟ್ಟಾಗಿದೆ ಅಂತ ನಿನಗೆ ಹೇಳಿದ್ಯಾರು? ರೋರಿ ತಾನೆ?"

ಕೀರಾ ನಕ್ಕಳು. ಒಳ್ಳೆಯ ನಗುವಲ್ಲ.

"ರೋರಿ ನನ್ನ ಹತ್ರ ಮಾತಾಡಿದ್ದು ಒಂದೇ ಸಲ, ಗಾಡಿ ಪಕ್ಕಕ್ಕೆ ತೆಗಿ ಅಂತ. ಅಂಪೈರಮ್ಮ ನಾನು ಒಳ್ಳೆಯೋಳು ಅಂದ್ಕೊಂಡ್ಲು. ನೀವು ಕೆಟ್ಟೋಳು ಅಂದ್ಕೊಂಡ್ರಿ. ಇಬ್ರಿಗೂ ಗೊತ್ತಿಲ್ಲ. ಕೇಳು ಅಂತ ಹೇಳಿದ್ದು ಮೆರಿನ್ನೇ."

ಸುಳ್ಳು ಹೇಳುವವರು ನನ್ನ ಮುಖ ನೋಡುತ್ತಾರೆ. ಇವಳು ನೆಲ ನೋಡುತ್ತಾ ಒಂದೇ ಸಮನೆ ಹೇಳುತ್ತಾ ಹೋದಳು.

ಫೈನಲ್‌ನ ಹಿಂದಿನ ದಿನ, ಸಂಜೆ ಹಾಲು ಕರೆಯುವ ಹೊತ್ತಿಗೆ, ಮೆರಿನ್ ಕಪ್ಪು ಕನ್ನಡಕ ಹಾಕಿಕೊಂಡು ಅವರ ಕೊಟ್ಟಿಗೆಗೆ ಬಂದಿದ್ದಳಂತೆ. ತಲೆಗೆ ಪೆಟ್ಟಾಗಿದೆ, ಹೇಗಾಯ್ತು ಅಂತ ಕೇಳಬೇಡ ಎಂದಳಂತೆ. ಹತ್ತು ವರ್ಷ ಕಾದ ಫೈನಲ್, ಬಿಡುವುದಕ್ಕೆ ಆಗುವುದಿಲ್ಲ. ಆದರೆ ಸಾಯುವುದಕ್ಕೂ ಇಷ್ಟವಿಲ್ಲ. ನಾಳೆ ಆಟ ಪೂರ್ತಿ ನನ್ನ ಪಕ್ಕ ಇರುವವಳು ನೀನೊಬ್ಬಳೇ. ಆಗಾಗ ಆ ಪ್ರಶ್ನೆಗಳನ್ನು ಕೇಳು. ಒಂದು ತಪ್ಪಿದರೂ ಅಂಪೈರ್‌ಗೆ ಹೇಳಿ ನನ್ನನ್ನು ಹೊರಗೆ ಹಾಕಿಸು ಎಂದು ಕೇಳಿಕೊಂಡಳಂತೆ.

"ನಿನ್ನನ್ನ ಯಾಕೆ ಕೇಳಿದ್ಲು? ಅವಳದೇ ತಂಡದಲ್ಲಿ ಅಷ್ಟು ಜನ ಇದ್ರಲ್ಲ?"

"ನಾನೂ ಅದೇ ಕೇಳ್ದೆ. ನಮ್ಮೋರು ನಂಗೋಸ್ಕರ ಸುಳ್ಳು ಹೇಳ್ತಾರೆ, ನೀನು ನನ್ನನ್ನ ಹೊರಗೆ ಹಾಕ್ಸೋಕೆ ಕಾಯ್ತಿರ್ತೀಯ, ಅದಕ್ಕೆ ನಿನ್ನನ್ನೇ ನಂಬ್ತೀನಿ ಅಂದ್ಲು."

"ಟ್ರೇನರ್ ಇದ್ಲಲ್ಲ?"

"'ನೋಲೀನ್‌ಗೆ ಮಾತ್ರ ಗೊತ್ತಾಗ್ಬಾರ್ದು' ಅಂದ್ಲು. ಎರಡು ಸಲ ಅಂದ್ಲು."

ನೋಲೀನ್‌ಗೆ ಗೊತ್ತಿರಲಿಲ್ಲ. ಮೆರಿನ್ ಅವಳಿಂದ ಮುಚ್ಚಿಟ್ಟಿದ್ದಳು, ಅದಕ್ಕೆ ಸಾಕ್ಷಿ ಇಲ್ಲಿ ಗರಿ ಹೊತ್ತು ಕೂತಿತ್ತು. ರೋರಿಯ ಹೆಸರು ಸಿಗದಿದ್ದರೆ ಹೋಗಲಿ, ಇನ್ಸ್‌ಪೆಕ್ಟರರ ವಾದ ಮುರಿದುಬಿತ್ತು. ಎದ್ದು ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಆಮೇಲೆ ನೆನಪಾಯಿತು, ಮೆರಿನ್ ಹೊರಗೆ ಹೋಗಿರಲಿಲ್ಲ.

"ಎಲ್ಲಾದಕ್ಕೂ ಸರಿಯಾಗಿ ಉತ್ತರ ಹೇಳಿದ್ಲಾ?"

ಕೀರಾ ಇನ್ನೊಂದು ಗರಿ ಕಿತ್ತಳು.

"ಯಾವಾಗ ತಪ್ಪಿದ್ಲು?"

"ಮೂರನೇ ಕ್ವಾರ್ಟರ್."

ಆ ಕ್ವಾರ್ಟರ್‌ನ ವಿಡಿಯೊ ನನ್ನ ಕಣ್ಣ ಮುಂದೆ ಬಂತು. ಚೆಂಡು ಸಿಕ್ಕ ಮೆರಿನ್ ತಿರುಗಿ, ತಾವೇ ಕಾಯಬೇಕಾದ ಗೋಲಿನ ಕಡೆ ಒದ್ದಿದ್ದಳು. ಪ್ರತಿ ಕ್ವಾರ್ಟರ್‌ಗೂ ತಂಡಗಳು ಕಡೆ ಬದಲಿಸುತ್ತವೆ, ಅದನ್ನು ಮರೆತಳು ಎಂದುಕೊಂಡು ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಮೈದಾನದ ಸುತ್ತ ನಿಲ್ಲಿಸಿದ್ದ ಕಾರುಗಳ ಹಾರ್ನ್ ಹೊಡೆದು ಗೇಲಿ ಮಾಡಿದ್ದರು. ಅವಳದೇ ಊರಿನವರು ಹೆಚ್ಚು ನಕ್ಕಿದ್ದರು. ನಗದವಳು ಕೀರಾ ಒಬ್ಬಳೇ.

"ನಾವು ಸ್ಕೋರಲ್ಲಿ ಹಿಂದೆ ಇದ್ವಿ" ಎಂದಳು ಕೀರಾ. "ಅವಳು ಹೊರಗೆ ಹೋದ್ರೆ ಅವರ ಕಡೆ ಇನ್ನೊಬ್ಳು ಬರ್ತಾಳೆ, ತಲೆ ನೆಟ್ಟಗಿರೋಳು. ಇವಳು ಚೆಂಡನ್ನ ನಮಗೇ ಅನುಕೂಲ ಆಗೋ ಕಡೆ ಒದೀತಿದ್ಲು. ಬಿಟ್ಬಿಟ್ಟೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಕೊಲೆಗಾರರ ಬಾಯಿಂದ ನಾನು ಇದಕ್ಕಿಂತ ಹೆಚ್ಚು ತಡವರಿಕೆ ಕೇಳಿದ್ದೇನೆ. ನಂಬಿ ಜೀವ ಕೈಯಲ್ಲಿಟ್ಟವಳನ್ನು ಒಂದು ಕಪ್ಪಿಗಾಗಿ ಕೈಬಿಟ್ಟಿದ್ದಳು. ಈಗ ಆ ಕಪ್ಪು ಒಳಗೆ ಟವೆಲ್ ಹೊದ್ದು ಕೂತಿತ್ತು, ಇವಳು ಹೊರಗೆ. ಅವಳ ಕೆನ್ನೆಗೆ ಬಾರಿಸಲು ಎದ್ದ ಕೈಯನ್ನು ನಾನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ.

"ನೀನು ಬಾಯಿಬಿಟ್ಟಿದ್ರೆ ಅವಳು ಬದುಕ್ತಿದ್ಲು. ಅದು ಗೊತ್ತಾ ನಿನಗೆ?"

"ಇದಕ್ಕೆ ನನ್ನ ಮೇಲೆ ಕೇಸ್ ಹಾಕ್ತೀರಾ?"

ಸತ್ತವಳ ಬಗ್ಗೆ ಒಂದು ಮಾತಿಲ್ಲ. ಮೊದಲು ಬಂದದ್ದು ಈ ಪ್ರಶ್ನೆ. ಅದನ್ನು ತೀರ್ಮಾನ ಮಾಡುವವಳು ನಾನಲ್ಲ, ಆದರೆ ಹಾಕುವುದಕ್ಕೆ ನನ್ನಿಂದಾದ್ದೆಲ್ಲ ಮಾಡುತ್ತೇನೆ ಎಂದೆ. ಹೇಳಬಾರದಿತ್ತು. ಸಿಟ್ಟು ಹೇಳಿಸಿತು.

"ಯಾವುದಕ್ಕೆ ತಪ್ಪಿದ್ಲು?"

"ಹೋದ ವಾರ ಯಾರ ಎದುರು ಆಡಿದೆ ಅಂದೆ. ಅದಕ್ಕೆ ಊರಿನ ಹೆಸರು ಹೇಳ್ಲಿಲ್ಲ. ಒಬ್ರ ಹೆಸರು ಹೇಳಿದ್ಲು."

"ಯಾರದು?"

"ನೋಲೀನ್ ಅಂದ್ಲು."

ಒಳಗೆ ಯಾರೋ ಗ್ಲಾಸ್ ಬೀಳಿಸಿದರು.

ಹೋದ ವಾರ ಯಾರ ಜೊತೆ ಕಾದಾಡಿದೆ ಎಂದು ಮೆರಿನ್‌ಗೆ ಕೇಳಿಸಿದ್ದರೆ, ಉತ್ತರ ನೋಲೀನ್. ಅಡುಗೆಮನೆಯ ಜಗಳ. ನೋಲೀನ್‌ಗೆ ಮಾತ್ರ ಗೊತ್ತಾಗಬಾರದು ಎಂದದ್ದು ಏಕೆ? ಅವಳು ಆಡಲು ಬಿಡುವುದಿಲ್ಲ ಎಂದೋ, ಹೊಡೆದವಳು ಅವಳೇ ಎಂದೋ? ಹೊಡೆದವಳಿಗೆ ಪೆಟ್ಟು ಎಷ್ಟು ಆಳ ಎಂದು ಗೊತ್ತಾದರೆ ಅವಳೇ ಹೆದರಿ ತಡೆಯುತ್ತಾಳೆ, ಫೈನಲ್ಲೂ ಇಲ್ಲ, ಏನೂ ಇಲ್ಲ.

ಆದರೆ ಇನ್ನೊಂದಿತ್ತು. ಆ ಪ್ರಶ್ನೆಗಳನ್ನು ಮೆರಿನ್ ವರ್ಷಗಟ್ಟಲೆ ಕೇಳಿದ್ದು ಒಂದೇ ಬಾಯಿಂದ, ಟ್ರೇನರ್ ನೋಲೀನ್‌ಳಿಂದ. ಮಂಜಾದ ತಲೆಗೆ, ಕಿವಿಯ ಹತ್ತಿರ ಪ್ರಶ್ನೆ ಕೇಳುತ್ತಿರುವವಳು ನೋಲೀನ್ ಎಂದೇ ಅನ್ನಿಸಿರಬಹುದು. ಅದು ಉತ್ತರವೇ ಅಲ್ಲದಿರಬಹುದು. ಕೊನೆಗೂ ಬಂದೆಯಾ ಎಂದು ಕರೆದಿರಬಹುದು.

ಅವಸರದಲ್ಲಿ ನಾನು ಅದನ್ನೇ ಕೇಳಿಬಿಟ್ಟೆ.

"ಸರಿಯಾಗಿ ನೆನಪು ಮಾಡ್ಕೊ. ನಿನ್ನ ಪ್ರಶ್ನೆಗೆ ಉತ್ತರ ಹೇಳಿದ್ಲಾ, ಇಲ್ಲ ನಿನ್ನನ್ನೇ ನೋಲೀನ್ ಅಂದ್ಕೊಂಡು ಕರೆದ್ಲಾ?"

ಕೀರಾ ಮೊದಲ ಸಲ ನೆಲದಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ವಿಡಿಯೊದಲ್ಲಿ ನೋಡಿದ್ದೆ. ಎದುರಿನವಳಿಗೆ ಎಲ್ಲಿ ನೋಯುತ್ತದೆ ಎಂದು ಹುಡುಕುವ ನೋಟ. ಹುಡುಕಿ, ಅದು ಸಿಕ್ಕಿದ್ದೂ ಅವಳ ಮುಖದಲ್ಲಿ ಕಾಣಿಸಿತು.

"ನಿಮಗೆ ಯಾವುದು ಬೇಕು?" ಎಂದಳು.

"ನನಗೆ ನಿಜ ಬೇಕು."

"ನಿಜ ನಂಗೊಬ್ಳಿಗೇ ಗೊತ್ತು. ಮೈಕ್ ಇರ್ಲಿಲ್ಲ, ಅಂಪೈರಮ್ಮ ದೂರ ಇದ್ಲು." ಗೋಣಿಯ ಮೇಲಿನ ಧೂಳು ಕೊಡವಿದಳು. "ನೋಲೀನ್ ನಿಮ್ಮೋಳು ಅಂತ ಡನ್‌ಮೋರ್‌ನಲ್ಲೂ ಗೊತ್ತು. ನನ್ನ ಮೇಲೆ ಕೇಸ್ ಇಲ್ಲ ಅಂತ ಆದ್ರೆ, ಅವಳು ಅಮ್ಮನ್ನ ಕರೆದ ಹಾಗೆ ಕರೆದ್ಲು. ಇದೆ ಅಂತ ಆದ್ರೆ, ಹಲ್ಲು ಕಚ್ಚಿ ಹೆಸರು ಹೇಳಿದ್ಲು. ಬೇಗ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಪಬ್ಬಿನ ಹಿಂದಿನ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರ್ ಸ್ಟೋಕ್ಸ್. ನಾನು ಎಲ್ಲಿಗೆ ಹೋಗಿರಬಹುದೆಂದು ಪ್ರೂ ಹೇಳಿದ್ದಳಂತೆ. ಅವರ ಹಿಂದೆ, ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ, ನೋಲೀನ್ ಕೂತಿದ್ದು ಕಂಡಿತು. ನನ್ನನ್ನು ನೋಡಿ ಕೈ ಎತ್ತಿದಳು.

ಇನ್ಸ್‌ಪೆಕ್ಟರ್ ಒಮ್ಮೆ ಗರಿಗಳನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕೀರಾಳ ಕಡೆ ತಿರುಗಿ, ಮೆರಿನ್ ಮೈದಾನದಲ್ಲಿ ಏನಾದರೂ ಹೇಳಿದ್ದಳಾ ಎಂದು ಕೇಳಿದರು.

"ಹೇಳಿದ್ಲು ಸಾರ್" ಎಂದಳು ಕೀರಾ. ಕಣ್ಣು ಮಾತ್ರ ನನ್ನ ಮೇಲೇ ಇತ್ತು. "ಹೇಗೆ ಹೇಳಿದ್ಲು ಅನ್ನೋದನ್ನ ಸಾರ್ಜೆಂಟ್ ಹೇಳ್ತಾರೆ."